ಮಗುವಿನ ಬೆರಳಿನಿಂದ ತೆಗೆದ ಗಂಟನ್ನು ಎಸೆಯಬೇಡಿ: ವೈದ್ಯರಿಗೂ ಆಸ್ಪತ್ರೆಗಳಿಗೂ ಒಂದು ಬಹಿರಂಗ ಪತ್ರ

ಮಕ್ಕಳ ಚರ್ಮದ ಗಂಟುಗಳನ್ನು ನೋಡುವ ವೈದ್ಯರಿಗೆ, ಅವನ್ನು ತೆಗೆಯುವ ಶಸ್ತ್ರಚಿಕಿತ್ಸಕರಿಗೆ, ತೆಗೆದದ್ದನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ರೋಗಶಾಸ್ತ್ರಜ್ಞರಿಗೆ ಮತ್ತು ಆಸ್ಪತ್ರೆಗಳ ಆಡಳಿತದ ಹೊಣೆ ಹೊತ್ತವರಿಗೆ

ಮಾನ್ಯರೇ,

ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿ ಕೆಲವು ತಿಂಗಳಾಗಿದ್ದಾಗ ಅವಳ ಬಲಗೈ ತೋರುಬೆರಳಿನ ಹಿಂಬದಿಯಲ್ಲಿ, ಉಗುರಿಗಿಂತ ಸ್ವಲ್ಪ ಹಿಂದಕ್ಕೆ, ಚರ್ಮದ ಬಣ್ಣದ್ದೇ ಆದ ಒಂದು ಸಣ್ಣ ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ, ತುರಿಕೆಯಿರಲಿಲ್ಲ, ಕೆಂಪಾಗಿರಲಿಲ್ಲ. ಅಳೆದು ನೋಡಿದಾಗ ಆರು ಮಿಲಿಮೀಟರಿನಷ್ಟಿತ್ತು. ಐದಾರು ತಿಂಗಳಲ್ಲಿ ಒಂಬತ್ತಾಯಿತು. ಅವಳು ಬಣ್ಣದ ಕಡ್ಡಿ ಹಿಡಿದು ಬರೆಯುವಾಗ ಅದು ಪಕ್ಕದ ಬೆರಳಿಗೆ ತಾಗಿ ಅಡ್ಡಿಯಾಗುತ್ತಿದೆ ಎನ್ನಿಸಿದ್ದರಿಂದ ನಾವು ಅವಳನ್ನು ಶಸ್ತ್ರಚಿಕಿತ್ಸಕರೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಅವರು ಬೆರಳನ್ನು ಮಡಿಸಿ, ಬಿಡಿಸಿ, ಗಂಟನ್ನು ಒತ್ತಿ ನೋಡಿ, ಇದು ಕೀಲಿನ ಬಳಿ ಬರುವ ಲೋಳೆಯ ಚೀಲ, ಅಂದರೆ ಗ್ಯಾಂಗ್ಲಿಯನ್, ತೆಗೆದರೆ ಮುಗಿಯಿತು ಎಂದರು. ಆ ವಯಸ್ಸಿನ ಮಗು ಅಲುಗಾಡದೆ ಕೈ ಚಾಚಿ ಕುಳಿತಿರಲಾರದು. ಹಾಗಾಗಿ ಒಂಬತ್ತು ಮಿಲಿಮೀಟರಿನ ಗಂಟಿಗಾಗಿ ಅವಳಿಗೆ ಪೂರ್ಣ ಅರಿವಳಿಕೆ ಕೊಡಬೇಕಾಯಿತು.

ಶಸ್ತ್ರಚಿಕಿತ್ಸೆ ಮುಗಿಸಿ ಹೊರಗೆ ಬಂದ ವೈದ್ಯರು, ಅಂದುಕೊಂಡಂತೆಯೇ ಒಳಗೆ ಪಾರದರ್ಶಕವಾದ ಲೋಳೆಯಿತ್ತು, ಎಲ್ಲವನ್ನೂ ತೆಗೆದಾಗಿದೆ ಎಂದು ಹೇಳಿದರು. ಅದನ್ನು ಪರೀಕ್ಷೆಗೆ ಕಳುಹಿಸುವುದಿಲ್ಲವೇ ಎಂದು ನಾನು ಕೇಳಿದೆ. “ಇಂಥದ್ದಕ್ಕೆಲ್ಲ ಬೇಕಾಗುವುದಿಲ್ಲಮ್ಮ, ನಿಶ್ಚಿಂತೆಯಿಂದಿರಿ” ಎಂದರು. ಆ ಮಾತನ್ನು ಅವರು ಉಡಾಫೆಯಿಂದ ಆಡಲಿಲ್ಲ. ನನ್ನ ಮುಖದಲ್ಲಿದ್ದ ಆತಂಕವನ್ನು ಕಂಡು ಮರುಕದಿಂದಲೇ ಆಡಿದರು ಎಂದು ಇಂದಿಗೂ ನಂಬುತ್ತೇನೆ. ನಾನೂ ಸುಮ್ಮನಾದೆ. ಮಗಳ ಬೆರಳಿನಿಂದ ಬಂದ ಆ ತುಣುಕು ಅಂದೇ ಕಸಕ್ಕೆ ಹೋಯಿತು. ಅದರ ಜೊತೆಗೆ, ಅದು ಏನಾಗಿತ್ತು ಎಂಬುದನ್ನು ತಿಳಿಯುವ ದಾರಿಯೂ ಹೋಯಿತು.

ಹದಿನಾಲ್ಕು ತಿಂಗಳ ನಂತರ ಗಾಯದ ಗೆರೆಯ ಉದ್ದಕ್ಕೂ ಎರಡು ಪುಟ್ಟ ಉಬ್ಬುಗಳೆದ್ದವು. ಮೊದಲು ಕಂಡವಳು ಅವಳೇ. “ಅಮ್ಮಾ, ಗುಳ್ಳೆ ವಾಪಸ್ ಬಂತು” ಎಂದು ಹೇಳಿ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಈ ಸಲ ನಾವು ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿ ಅಲ್ಟ್ರಾಸೌಂಡ್ ಮಾಡಿದಾಗ ಒಳಗಿರುವುದು ದ್ರವ ತುಂಬಿದ ಚೀಲವಲ್ಲ, ಘನವಾದ ಗೆಡ್ಡೆ ಎಂದು ಗೊತ್ತಾಯಿತು. ಮತ್ತೆ ಉಪವಾಸ, ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ. ಆದರೆ ಈ ಸಲ ತೆಗೆದ ತುಣುಕು, ಅದನ್ನು ಕೆಡದಂತೆ ಕಾಪಾಡುವ ಫಾರ್ಮಾಲಿನ್ ಎಂಬ ದ್ರವ ತುಂಬಿದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಹೋಯಿತು. ಹೋಗಿದ್ದರಿಂದಲೇ ಇಂದು ಈ ಪತ್ರದಲ್ಲಿ ಆ ಗೆಡ್ಡೆಯ ಹೆಸರನ್ನು ಬರೆಯಲು ನನಗೆ ಸಾಧ್ಯವಾಗುತ್ತಿದೆ: ನರ್ವ್ ಶೀತ್ ಮಿಕ್ಸೋಮಾ, ಅಂದರೆ ನರದ ಹೊದಿಕೆಯಿಂದ ಹುಟ್ಟುವ ಲೋಳೆಗೆಡ್ಡೆ. ಇದು ಕ್ಯಾನ್ಸರ್ ಅಲ್ಲ. ಬಹಳ ಅಪರೂಪದ್ದು, ಅಷ್ಟು ಚಿಕ್ಕ ಮಗುವಿನಲ್ಲಂತೂ ಇನ್ನೂ ಅಪರೂಪ.

ನಮ್ಮ ದೇಹದ ನರಗಳು ಬರಿಯ ತಂತಿಗಳಲ್ಲ ಎಂಬುದನ್ನು ನಾನು ಈ ವರದಿ ಕೈಗೆ ಬಂದ ಮೇಲೆ ಕಲಿತೆ. ಪ್ರತಿಯೊಂದು ನರತಂತುವನ್ನೂ ಅಪ್ಪಿಕೊಂಡಿರುವ ಜೀವಕೋಶಗಳಿವೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಥಿಯೋಡೋರ್ ಶ್ವಾನ್ ಅವರ ಹೆಸರಿನಿಂದ ಅವನ್ನು ಶ್ವಾನ್ ಕೋಶಗಳೆಂದು ಕರೆಯುತ್ತಾರೆ. ಚರ್ಮದೊಳಗೆ ಕವಲೊಡೆದು ಬರುವ ತೀರಾ ಸಣ್ಣ ನರಗಳಿಗೂ ಈ ಹೊದಿಕೆ ಇರುತ್ತದೆ. ಅಂಥದ್ದೊಂದು ಹೊದಿಕೆಯ ಕೋಶಗಳು ಎಲ್ಲೋ ಒಂದೆಡೆ ಮಿತಿ ಮೀರಿ ಹೆಚ್ಚಿ, ತಮ್ಮ ಸುತ್ತ ಲೋಳೆಯಂಥ ಪದಾರ್ಥವನ್ನು ತುಂಬಿಕೊಂಡು, ನಾರಿನ ತೆಳು ಗೋಡೆಗಳಿಂದ ಬೇರ್ಪಟ್ಟ ಹಲವು ಪುಟ್ಟ ಕೋಣೆಗಳಾಗಿ ಬೆಳೆದಾಗ ಈ ಗೆಡ್ಡೆ ಆಗುತ್ತದೆ. ಅದು ಚರ್ಮದಲ್ಲಿ ಮತ್ತು ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ನಿಧಾನವಾಗಿ ಬೆಳೆಯುತ್ತದೆ. ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ಆ ಕೋಣೆಗಳ ವಿಚಾರವನ್ನು ದಯವಿಟ್ಟು ನೆನಪಿನಲ್ಲಿಡಿ. ಕಣ್ಣಿಗೆ ದೊಡ್ಡದಾಗಿ ಕಂಡ ಕೋಣೆಯನ್ನಷ್ಟೇ ಕೆರೆದು ತೆಗೆದರೆ ಅದರ ಪಕ್ಕದ, ಇನ್ನೂ ಸಣ್ಣದಾಗಿರುವ ಕೋಣೆ ಅಲ್ಲೇ ಉಳಿಯುತ್ತದೆ. ನನ್ನ ಮಗಳ ಬೆರಳಿನಲ್ಲಿ ಆದದ್ದು ಬಹುಶಃ ಅದೇ ಇರಬೇಕು. ‘ಬಹುಶಃ’ ಎಂದು ಬರೆಯಬೇಕಾಗಿ ಬಂದಿರುವುದೇ ನನ್ನ ನೋವು, ಏಕೆಂದರೆ ಮೊದಲ ತುಣುಕು ನಮ್ಮ ಬಳಿ ಇಲ್ಲ.

ಮೊದಲ ಶಸ್ತ್ರಚಿಕಿತ್ಸಕರು ಲೋಳೆಯನ್ನು ಕಂಡು ಸಮಾಧಾನಪಟ್ಟರು ಎಂದೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಯಾಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿ. ಗ್ಯಾಂಗ್ಲಿಯನ್ ಒಳಗಿರುವುದೂ ಲೋಳೆಯೇ, ಈ ಗೆಡ್ಡೆಯ ಒಳಗಿರುವುದೂ ಲೋಳೆಯೇ. ಕತ್ತರಿಸಿದಾಗ ಎರಡೂ ಮಿನುಗುತ್ತವೆ, ಎರಡೂ ಜಾರುತ್ತವೆ, ಎರಡೂ ಬೆರಳಿನ ಕೀಲಿನ ಆಸುಪಾಸಿನಲ್ಲಿ ಬರಬಲ್ಲವು. ಒಂದರಲ್ಲಿ ಲೋಳೆ ಚೀಲದೊಳಗೆ ಸುಮ್ಮನೆ ನಿಂತಿರುತ್ತದೆ. ಇನ್ನೊಂದರಲ್ಲಿ ಆ ಲೋಳೆಯ ನಡುವೆ ನಕ್ಷತ್ರದಂತೆ ಕೈಕಾಲು ಚಾಚಿದ, ಕದಿರಿನಂತೆ ನೀಳವಾದ ಜೀವಂತ ಕೋಶಗಳು ಹರಡಿಕೊಂಡಿರುತ್ತವೆ. ಈ ವ್ಯತ್ಯಾಸ ಎಷ್ಟೇ ಅನುಭವವಿರುವ ಕಣ್ಣಿಗೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕಾಣುವುದಿಲ್ಲ. ಎಮ್‌ಆರ್‌ಐ ಚಿತ್ರದಲ್ಲಿಯೂ ಲೋಳೆ ತುಂಬಿದ ಗೆಡ್ಡೆ ನೀರಿನ ಚೀಲದಂತೆ ಬೆಳ್ಳಗೆ ಹೊಳೆದು ಮೋಸ ಮಾಡಬಲ್ಲದು. ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ಔಷಧ, ಕೊಟ್ಟು ನೋಡಿದಾಗ ಮಾತ್ರ ಒಳಗೆ ಜೀವಕೋಶಗಳಿರುವ ಸುಳಿವು ಸಿಗುತ್ತದೆ. ಅಂದ ಮೇಲೆ ಮೂರರಿಂದ ಐದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ತೆಳ್ಳಗೆ ಹಾಳೆಯಂತೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡುವುದಕ್ಕಿಂತ ನೆಚ್ಚಬಹುದಾದ ಬೇರೆ ದಾರಿ ಯಾವುದಿದೆ?

ಆದ್ದರಿಂದ ಶಸ್ತ್ರಚಿಕಿತ್ಸಕರಲ್ಲಿ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಇಷ್ಟೇ: ಮಗುವಿನ ಚರ್ಮದಿಂದ ತೆಗೆದ ಗಂಟು ಎಷ್ಟೇ ಚಿಕ್ಕದಿರಲಿ, ನೋಡಿದ ಕೂಡಲೇ ಅದರ ಗುರುತು ಎಷ್ಟೇ ಸ್ಪಷ್ಟವೆನ್ನಿಸಲಿ, ಅದನ್ನು ಪರೀಕ್ಷೆಗೆ ಕಳುಹಿಸಿ. ಮಕ್ಕಳ ಚರ್ಮದ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿಗಳು ಎಂಬುದನ್ನು ನಾನು ಬಲ್ಲೆ. ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಹುಟ್ಟಿನಿಂದಲೇ ಇರುವ ಚರ್ಮದ ಸಣ್ಣ ತೊಂಗಲನ್ನು ತೆಗೆದಾಗಲೂ ಪ್ರಯೋಗಾಲಯದ ಮೇಲೆ ಹೊರೆ ಹಾಕಬೇಕೇ ಎಂಬ ನಿಮ್ಮ ಪ್ರಶ್ನೆಯಲ್ಲಿ ನ್ಯಾಯವಿದೆ, ಅದನ್ನು ಒಪ್ಪುತ್ತೇನೆ. ಹಾಗಿದ್ದರೆ ಕಳುಹಿಸದಿರುವುದನ್ನಾದರೂ ಒಂದು ತೀರ್ಮಾನವಾಗಿ ಕೈಗೊಳ್ಳಿ. ಯಾವ ಕಾರಣಕ್ಕೆ ಕಳುಹಿಸುತ್ತಿಲ್ಲ ಎಂಬುದನ್ನು ಮಗುವಿನ ಕಡತದಲ್ಲಿ ಬರೆಯಿರಿ, ಬರೆಯುವ ಮೊದಲು ತಂದೆತಾಯಿಗೆ ಹೇಳಿ, ಅವರು ಕಳುಹಿಸಿ ಎಂದರೆ ಕಳುಹಿಸಿಕೊಡಿ. ಒಂದು ಡಬ್ಬಿ, ತುಣುಕಿನ ಗಾತ್ರದ ಹತ್ತು ಪಟ್ಟು ಫಾರ್ಮಾಲಿನ್, ಒಂದು ಚೀಟಿ: ಅಂದು ಬೇಕಾಗಿದ್ದದ್ದು ಇಷ್ಟೇ. ಅದಿಲ್ಲದೆ ಹೋದದ್ದಕ್ಕೆ ಸುಮಾರು ಆರು ವರ್ಷದ ಮಗು ಎರಡನೆಯ ಸಲ ಅರಿವಳಿಕೆಯ ಮುಖವಾಡವನ್ನು ಕಂಡು, ಅದು ಏನೆಂದು ಈಗಾಗಲೇ ಗೊತ್ತಿದ್ದುದರಿಂದ, ಮೊದಲ ಸಲಕ್ಕಿಂತ ಹೆಚ್ಚು ಅತ್ತಿತು.

ಕಳುಹಿಸುವಾಗ ಹೇಗೆ ಕಳುಹಿಸುತ್ತೀರಿ ಎಂಬುದೂ ಮುಖ್ಯ. ಎರಡನೆಯ ಬಾರಿ ಗೆಡ್ಡೆ ನಾಲ್ಕು ಚೂರುಗಳಾಗಿ ಬಂದಿದ್ದರಿಂದ, ಅಂಚಿನವರೆಗೆ ಗೆಡ್ಡೆಯ ಕೋಶಗಳಿವೆಯೋ ಇಲ್ಲವೋ ಹೇಳಲಾಗದು ಎಂದು ವರದಿಯಲ್ಲಿ ಬರೆದಿತ್ತು. ಬೆರಳಿನಂಥ ಇಕ್ಕಟ್ಟಾದ ಜಾಗದಲ್ಲಿ, ಗಾಯದ ಕಲೆಯ ನಡುವೆ, ಇಡಿಯಾಗಿ ತೆಗೆಯುವುದು ಸುಲಭವಲ್ಲ ಎಂದು ಆ ವೈದ್ಯರು ನಮಗೆ ತಾಳ್ಮೆಯಿಂದ ವಿವರಿಸಿದರು. ಮೊದಲ ಸಲ, ಕಲೆಯಿಲ್ಲದ ಹಸನಾದ ಚರ್ಮವಿದ್ದಾಗ, ಅದು ಸುಲಭವಿತ್ತು. ಸಾಧ್ಯವಿದ್ದಲ್ಲೆಲ್ಲ ಗಂಟನ್ನು ಸುತ್ತಲಿನ ತೆಳುವಾದ ಆರೋಗ್ಯವಂತ ಪದರದ ಸಮೇತ ಒಂದೇ ತುಣುಕಾಗಿ ತೆಗೆದು, ಯಾವ ಬದಿ ಯಾವುದು ಎಂದು ದಾರದ ಗುರುತು ಹಾಕಿ ಕಳುಹಿಸಿದರೆ, ಏನು ಉಳಿದಿದೆ ಮತ್ತು ಎಲ್ಲಿ ಉಳಿದಿದೆ ಎಂಬುದನ್ನು ಪ್ರಯೋಗಾಲಯ ಹೇಳಬಲ್ಲದು. ಕೋರಿಕೆ ಚೀಟಿಯಲ್ಲಿ ‘ಬೆರಳಿನ ಗಂಟು’ ಎಂದಷ್ಟೇ ಬರೆದು ಬಿಡಬೇಡಿ. ಮಗುವಿನ ವಯಸ್ಸು, ಗಂಟು ಎಷ್ಟು ತಿಂಗಳಿನಿಂದ ಇದೆ, ಹಿಂದೆ ಒಮ್ಮೆ ತೆಗೆದಿತ್ತೇ, ಕುಟುಂಬದಲ್ಲಿ ಇಂಥವು ಯಾರಿಗಾದರೂ ಇವೆಯೇ ಎಂಬ ನಾಲ್ಕು ಸಾಲುಗಳು ಸೂಕ್ಷ್ಮದರ್ಶಕದ ಮುಂದೆ ಕುಳಿತವರಿಗೆ ಬಹಳ ನೆರವಾಗುತ್ತವೆ.

ಇನ್ನು ರೋಗಶಾಸ್ತ್ರಜ್ಞರಲ್ಲಿ ಒಂದು ಮಾತು. ನಮಗೆ ಮೊದಲು ಬಂದ ವರದಿಯಲ್ಲಿ ಇದ್ದ ಹೆಸರು ನ್ಯೂರೋಥೆಕಿಯೋಮಾ. ಎರಡು ವಾರದ ನಂತರ ಮತ್ತೊಬ್ಬ ತಜ್ಞರು ಅದೇ ಸ್ಲೈಡುಗಳನ್ನು ನೋಡಿ, ವಿಶೇಷ ಬಣ್ಣಗಳ ಪರೀಕ್ಷೆ ಮಾಡಿಸಿದ ಮೇಲೆ ಹೆಸರು ನರ್ವ್ ಶೀತ್ ಮಿಕ್ಸೋಮಾ ಎಂದು ಬದಲಾಯಿತು. ಎರಡೂ ಒಂದೇ ತಾನೇ ಎಂದು ನಾವು ಕೇಳಿದ ಕೆಲವರು ಹೇಳಿದರು. ಹಾಗೆ ತಿಳಿಯುವುದಕ್ಕೆ ಕಾರಣವೂ ಇದೆ. 1969ರಲ್ಲಿ ಹಾರ್ಕಿನ್ ಮತ್ತು ರೀಡ್ ಎಂಬ ವೈದ್ಯರು ನರದ ಹೊದಿಕೆಯ ಮಿಕ್ಸೋಮಾ ಎಂಬ ಹೆಸರನ್ನು ಬಳಕೆಗೆ ತಂದರು. 1980ರಲ್ಲಿ ಗ್ಯಾಲಗರ್ ಮತ್ತು ಹೆಲ್ವಿಗ್ 53 ಪ್ರಕರಣಗಳನ್ನು ವಿವರಿಸುತ್ತಾ, ಹೊದಿಕೆ ಎಂಬ ಅರ್ಥದ ಗ್ರೀಕ್ ಪದದಿಂದ ನ್ಯೂರೋಥೆಕಿಯೋಮಾ ಎಂಬ ಹೆಸರನ್ನು ಕಟ್ಟಿದರು. ಅದೂ ನರದ ಹೊದಿಕೆಯಿಂದಲೇ ಹುಟ್ಟುತ್ತದೆ ಎಂದು ಆಗ ಭಾವಿಸಲಾಗಿತ್ತು. ಮುಂದೆ ದಶಕಗಳ ಕಾಲ ಎರಡನ್ನೂ ಒಂದೇ ಗೆಡ್ಡೆಯ ಎರಡು ರೂಪಗಳೆಂದು ಪುಸ್ತಕಗಳಲ್ಲಿ ಬರೆಯಲಾಯಿತು. ಜೀವಕೋಶಗಳೊಳಗಿನ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆಗಳು ಬಂದ ಮೇಲೆ ಇವೆರಡೂ ಬೇರೆಬೇರೆ ಎಂಬುದು ಸ್ಪಷ್ಟವಾಯಿತು. ನರ್ವ್ ಶೀತ್ ಮಿಕ್ಸೋಮಾದ ಕೋಶಗಳು ಎಸ್-100 ಎಂಬ ಪ್ರೋಟೀನಿನ ಪರೀಕ್ಷೆಯಲ್ಲಿ ಗಾಢವಾಗಿ ಬಣ್ಣ ಹಿಡಿಯುತ್ತವೆ. ಅವು ಶ್ವಾನ್ ಕೋಶಗಳ ವಂಶದವು. ನ್ಯೂರೋಥೆಕಿಯೋಮಾದ ಕೋಶಗಳು ಆ ಬಣ್ಣ ಹಿಡಿಯುವುದಿಲ್ಲ. ಹೆಸರಿನಲ್ಲಿ ನರವಿದ್ದರೂ ಅದು ನರದ ಹೊದಿಕೆಯ ಗೆಡ್ಡೆಯೆಂಬುದಕ್ಕೆ ಆಧಾರ ಸಿಗಲಿಲ್ಲ. ಅದು ಹೆಚ್ಚಾಗಿ ಹದಿಹರೆಯದವರಲ್ಲಿ ಮತ್ತು ಎಳೆಯ ವಯಸ್ಕರಲ್ಲಿ, ಮುಖ, ಕತ್ತು, ತೋಳುಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಎಸ್-100 ಎಂಬ ಹೆಸರು ಯಾವುದೋ ಸಂಕೇತಸಂಖ್ಯೆ ಇರಬೇಕೆಂದು ನಾನು ಅಂದುಕೊಂಡಿದ್ದೆ. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರರಷ್ಟು ಪರ್ಯಾಪ್ತ ದ್ರಾವಣದಲ್ಲಿಯೂ ಕರಗಿಯೇ ಉಳಿಯುವ ಪ್ರೋಟೀನು ಎಂಬ ಕಾರಣಕ್ಕೆ 1965ರಲ್ಲಿ ಅದಕ್ಕೆ ಆ ಹೆಸರು ಬಂತಂತೆ. ಹಾಗೆ ಸಿಕ್ಕಿದ ಒಂದು ಪ್ರೋಟೀನು ಇಷ್ಟು ವರ್ಷಗಳ ನಂತರ ನನ್ನ ಮಗಳ ಬೆರಳಿನ ಗಂಟು ಯಾವುದೆಂದು ತೀರ್ಮಾನಿಸಿತಲ್ಲ ಎಂದು ನೆನೆದಾಗ ಆ ವಿಜ್ಞಾನಿಗಳ ಬಗ್ಗೆ ಕೃತಜ್ಞತೆ ಮೂಡುತ್ತದೆ.

ಹೆಸರು ಬದಲಾದರೆ ಏನಾಯಿತು, ಎರಡೂ ಕ್ಯಾನ್ಸರ್ ಅಲ್ಲವಲ್ಲ ಎಂದು ಕೇಳುವವರಿಗೆ ಉತ್ತರ ಇದು. 2005ರಲ್ಲಿ ಫೆಚ್ ಮತ್ತು ಅವರ ಸಹೋದ್ಯೋಗಿಗಳು 57 ನರ್ವ್ ಶೀತ್ ಮಿಕ್ಸೋಮಾ ಪ್ರಕರಣಗಳ ಅಧ್ಯಯನವನ್ನು ಪ್ರಕಟಿಸಿದರು. ಗೆಡ್ಡೆಗಳು ಬಹುತೇಕ ಕೈಕಾಲುಗಳಲ್ಲಿದ್ದವು, ಅದರಲ್ಲೂ ಬೆರಳುಗಳಲ್ಲಿ ಹೆಚ್ಚು. ರೋಗಿಗಳಲ್ಲಿ ಮೂವತ್ತರಿಂದ ನಲವತ್ತರೊಳಗಿನ ವಯಸ್ಸಿನವರೇ ಅಧಿಕ. ಗಂಟನ್ನಷ್ಟೇ ತೆಗೆಸಿಕೊಂಡು, ಆಮೇಲಿನ ಸ್ಥಿತಿ ತಿಳಿದುಬಂದವರಲ್ಲಿ ಶೇ. 47ರಷ್ಟು ಮಂದಿಗೆ ಗೆಡ್ಡೆ ಅದೇ ಜಾಗದಲ್ಲಿ ಮರಳಿತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಈ ಒಂದು ಸಂಖ್ಯೆ ಮೊದಲ ಶಸ್ತ್ರಚಿಕಿತ್ಸೆಯ ನಂತರ ನಮ್ಮ ಕೈಯಲ್ಲಿದ್ದಿದ್ದರೆ, ಗಾಯ ಮಾಗಿತು ಎಂದು ನಾವು ಆ ಬೆರಳನ್ನು ಮರೆಯುತ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ತೋರಿಸುತ್ತಿದ್ದೆವು. ಉಬ್ಬು ಎರಡು ಮಿಲಿಮೀಟರ್ ಇದ್ದಾಗಲೇ ಕಾಣುತ್ತಿದ್ದೆವು. ನ್ಯೂರೋಥೆಕಿಯೋಮಾ ಅಷ್ಟು ಸಲ ಮರಳುವುದಿಲ್ಲ. ಹಾಗಾಗಿ ಯಾವ ಹೆಸರು ಎಂಬುದರ ಮೇಲೆ ಮುಂದಿನ ಹಲವು ವರ್ಷಗಳ ಎಚ್ಚರ ನಿಂತಿದೆ. ಚರ್ಮದ ಲೋಳೆಗೆಡ್ಡೆಗೆ ಮೊದಲ ವರದಿಯಲ್ಲಿಯೇ ಎಸ್-100 ಪರೀಕ್ಷೆಯ ಫಲಿತಾಂಶವನ್ನು ಸೇರಿಸಿ, ಅಂಚುಗಳ ಸ್ಥಿತಿಯನ್ನು ಸ್ಪಷ್ಟ ವಾಕ್ಯದಲ್ಲಿ ಬರೆದು, ಮರಳುವ ಸಾಧ್ಯತೆಯ ಬಗ್ಗೆ ಕೊನೆಯಲ್ಲಿ ಒಂದು ಸಾಲು ಟಿಪ್ಪಣಿ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ವರದಿಯನ್ನು ವೈದ್ಯರಷ್ಟೇ ಓದುವುದಿಲ್ಲ. ರಾತ್ರಿ ಮಗು ಮಲಗಿದ ಮೇಲೆ ನಾವೂ ಅಕ್ಷರ ಅಕ್ಷರ ಬಿಡಿಸಿ ಓದುತ್ತೇವೆ.

ಪರೀಕ್ಷೆಯ ಅಗತ್ಯಕ್ಕೆ ಇನ್ನೊಂದು ಮುಖವೂ ಇದೆ, ಅದು ಇನ್ನೂ ಗಂಭೀರ. ಲೋಳೆ ತುಂಬಿದ ಎಲ್ಲ ಗೆಡ್ಡೆಗಳೂ ಸೌಮ್ಯವಲ್ಲ. ಮಿಕ್ಸೋಫೈಬ್ರೋಸಾರ್ಕೋಮಾದಂಥ ಕ್ಯಾನ್ಸರುಗಳೂ ಲೋಳೆಯಿಂದ ತುಂಬಿರುತ್ತವೆ. ಅಂಥದ್ದನ್ನು ನೀರಿನ ಚೀಲವೆಂದು ತೆಗೆದು ಎಸೆದರೆ ಆಗುವ ಹಾನಿಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗೆಯೇ ಸೌಮ್ಯವಾದ ಗೆಡ್ಡೆಯನ್ನು ಕ್ಯಾನ್ಸರೆಂದು ತಪ್ಪಾಗಿ ತಿಳಿದರೆ, ಬರೆಯುವುದನ್ನು ಆಗತಾನೇ ಕಲಿಯುತ್ತಿರುವ ಮಗುವಿನ ಬೆರಳಿನಿಂದ ಬೇಕಾದದ್ದಕ್ಕಿಂತ ಹೆಚ್ಚು ಭಾಗವನ್ನು ತೆಗೆದುಬಿಡುವ ಅಪಾಯವಿದೆ. ಎರಡು ಕಡೆಯ ತಪ್ಪನ್ನೂ ತಡೆಯುವುದು ಅದೇ ಗಾಜಿನ ಸ್ಲೈಡು. ಅನುಮಾನವಿದ್ದಾಗ ಮೃದು ಅಂಗಾಂಶದ ಗೆಡ್ಡೆಗಳನ್ನೇ ನೋಡಿ ಪಳಗಿದ ಮತ್ತೊಬ್ಬರಿಗೆ ಸ್ಲೈಡನ್ನು ಕಳುಹಿಸುವ ರೋಗಶಾಸ್ತ್ರಜ್ಞರನ್ನು ನಾನು ದೊಡ್ಡವರೆಂದೇ ಎಣಿಸುತ್ತೇನೆ. ನಮ್ಮ ಮೊದಲ ವರದಿ ಬರೆದವರು ಹೀಗೆಯೇ ಮಾಡಿದರು. ‘ಎರಡನೆಯ ಅಭಿಪ್ರಾಯ ಪಡೆಯುವುದು ಒಳಿತು’ ಎಂದು ಅವರೇ ಕೆಳಗೆ ಬರೆದಿದ್ದರು.

ಸೌಮ್ಯ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ವರದಿ ಬಂದ ದಿನ ನಮಗೆ ಸಿಕ್ಕ ವಿವರಣೆ ಅರ್ಧ ನಿಮಿಷದ್ದು: “ಕ್ಯಾನ್ಸರ್ ಅಲ್ಲ, ಬಿನೈನ್, ಚಿಂತೆ ಬೇಡ.” ಆ ಕ್ಷಣಕ್ಕೆ ಅದಕ್ಕಿಂತ ಹಿತವಾದ ಮಾತು ಬೇರೆ ಇರಲಿಲ್ಲ. ಆದರೆ ಬಿನೈನ್ ಎಂದರೆ ದೂರದ ಅಂಗಗಳಿಗೆ ಹರಡದು ಎಂದಷ್ಟೇ ಅರ್ಥ. ಇದ್ದ ಜಾಗದಲ್ಲಿ ಮತ್ತೆ ಬೆಳೆಯಬಹುದು ಎಂಬುದನ್ನು ಆ ಪದ ಅಲ್ಲಗಳೆಯುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಅದೇ ವೇಳೆ ನರ ಎಂಬ ಪದ ನಮ್ಮಲ್ಲಿ ಬೇರೆಯೇ ಭಯವನ್ನು ಬಿತ್ತಿತ್ತು. ಮಗುವಿನ ನರಗಳಿಗೇ ರೋಗವಿದೆಯೇ, ಕೈ ಬಲ ಕಳೆದುಕೊಳ್ಳುವುದೇ, ಮಿದುಳಿಗೆ ಹೋಗುವುದೇ ಎಂದು ಯೋಚಿಸುತ್ತಾ ಹುಡುಕಿದಾಗ ನಮ್ಮ ಕಣ್ಣಿಗೆ ಬಿದ್ದದ್ದು ನ್ಯೂರೋಫೈಬ್ರೋಮಟೋಸಿಸ್ ಎಂಬ ಆನುವಂಶಿಕ ಕಾಯಿಲೆ. ಮೂರು ಸಾವಿರ ಜನನಗಳಲ್ಲಿ ಸುಮಾರು ಒಂದರಲ್ಲಿ ಅದರ ಮೊದಲ ಬಗೆ ಕಾಣುತ್ತದೆ. ಅಂಥವರಲ್ಲಿ ಅರ್ಧದಷ್ಟು ಮಂದಿಗೆ ಅದು ತಂದೆತಾಯಿಯಿಂದ ಬಂದಿರುವುದಿಲ್ಲ, ಜೀನಿನ ಹೊಸ ಬದಲಾವಣೆಯಿಂದ ಬಂದಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂಬ ಸಮಾಧಾನವೂ ನಮಗೆ ಉಳಿಯಲಿಲ್ಲ. ನಾನು ಮತ್ತು ಅವಳ ತಂದೆ ನಿದ್ರಿಸುತ್ತಿದ್ದ ಮಗುವಿನ ಮೈಯನ್ನು ಟಾರ್ಚಿನ ಬೆಳಕಿನಲ್ಲಿ ಇಂಚು ಇಂಚಾಗಿ ನೋಡಿ, ಕಂದು ಮಚ್ಚೆಗಳನ್ನು ಎಣಿಸಿದೆವು. ಎರಡಿದ್ದವು. ಎರಡಿದ್ದರೆ ಏನರ್ಥ ಎಂಬುದು ನಮಗೆ ಗೊತ್ತಿರಲಿಲ್ಲ.

ಮುಂದಿನ ವಾರ ಚರ್ಮರೋಗ ತಜ್ಞರೊಬ್ಬರು ಆ ಭಯವನ್ನು ಹತ್ತೇ ನಿಮಿಷದಲ್ಲಿ ಕಳೆದರು. ಮೈನೆರೆಯದ ಮಕ್ಕಳಲ್ಲಿ ಐದು ಮಿಲಿಮೀಟರಿಗಿಂತ ದೊಡ್ಡದಾದ ಆರು ಅಥವಾ ಹೆಚ್ಚು ಕಂದು ಮಚ್ಚೆಗಳಿದ್ದರೆ ಆ ಕಾಯಿಲೆಯ ಅನುಮಾನಪಡುತ್ತೇವೆ. ಕಂಕುಳಲ್ಲಿ, ತೊಡೆಸಂದಿನಲ್ಲಿ ಪುಟ್ಟ ಚುಕ್ಕೆಗಳಿವೆಯೇ, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವಲಯದಲ್ಲಿ ಸಣ್ಣ ಉಬ್ಬುಗಳಿವೆಯೇ ಎಂದು ನೋಡುತ್ತೇವೆ. ಎರಡು ಅಥವಾ ಹೆಚ್ಚು ನ್ಯೂರೋಫೈಬ್ರೋಮಾ ಗೆಡ್ಡೆಗಳು ಇಲ್ಲವೇ ಜಾಲದಂತೆ ಹಬ್ಬಿದ ಒಂದು ಗೆಡ್ಡೆ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮಗಳಿಗಿರುವ ಗೆಡ್ಡೆ ಆ ಪಟ್ಟಿಯಲ್ಲೇ ಇಲ್ಲ ಎಂದು, ಅವಳ ಮೈಯನ್ನೆಲ್ಲ ಪರೀಕ್ಷಿಸುತ್ತಲೇ, ಒಂದೊಂದಾಗಿ ಹೇಳಿದರು. ಆ ಹತ್ತು ನಿಮಿಷ ವರದಿ ಕೊಡುವ ದಿನವೇ ನಮಗೆ ಸಿಗಬೇಕಾಗಿತ್ತು. ನಿಮ್ಮ ಕೊಠಡಿಯ ಹೊರಗೆ ಎಷ್ಟು ಜನ ಕಾಯುತ್ತಿರುತ್ತಾರೆಂದು ನೋಡಿದ್ದೇನೆ. ಆದರೂ ನರ ಎಂಬ ಪದವಿರುವ ವರದಿಯನ್ನು ಮಗುವೊಂದರ ತಂದೆತಾಯಿಯ ಕೈಗಿಡುವಾಗ, ಇದು ಏನು, ಏನಲ್ಲ, ಮತ್ತೆ ಬರುವ ಸಾಧ್ಯತೆ ಎಷ್ಟು, ಯಾವಾಗ ಮತ್ತೆ ತೋರಿಸಬೇಕು ಎಂಬಿಷ್ಟನ್ನು ಕುಳ್ಳಿರಿಸಿ ಹೇಳಿ. ಹೇಳುವಾಗ ಮಗುವೂ ಕೇಳಿಸಿಕೊಳ್ಳುತ್ತಿರುತ್ತದೆ ಎಂಬುದು ನೆನಪಿರಲಿ. ಗೆಡ್ಡೆ ಎಂಬ ಮಾತನ್ನು ನನ್ನ ಮಗಳು ಕಲಿತದ್ದು ನಮ್ಮಿಂದಲ್ಲ.

ಆಸ್ಪತ್ರೆಗಳ ಆಡಳಿತದವರಲ್ಲಿ ಕೇಳುವುದು ಸ್ವಲ್ಪವೇ. ಪರೀಕ್ಷೆಗೆ ಬಂದ ತುಣುಕನ್ನು ಮೇಣದಲ್ಲಿ ಹುದುಗಿಸಿದ ಅಚ್ಚು ಬಹಳ ವರ್ಷ ಕೆಡದೆ ಉಳಿಯುತ್ತದೆ. ಹೊಸ ಪ್ರಶ್ನೆ ಬಂದಾಗ ಅದರಿಂದ ಮತ್ತೆ ತೆಳು ಹಾಳೆ ಕೊಯ್ದು ಹೊಸ ಪರೀಕ್ಷೆ ಮಾಡಬಹುದು. ನಮ್ಮ ಎರಡನೆಯ ಅಭಿಪ್ರಾಯ ಸಾಧ್ಯವಾದದ್ದು ಅದರಿಂದಲೇ. ಆದರೆ ಆ ಅಚ್ಚನ್ನೂ ಸ್ಲೈಡುಗಳನ್ನೂ ಪಡೆಯಲು ಮೂರು ಕಿಟಕಿ ಸುತ್ತಿ, ನಾಲ್ಕು ಸಲ ಅರ್ಜಿ ಬರೆದೆವು. ಯಾಕೆ ಬೇಕು, ನಮ್ಮ ವರದಿಯ ಮೇಲೆ ನಂಬಿಕೆಯಿಲ್ಲವೇ ಎಂದು ಒಬ್ಬರು ಕೇಳಿದರು. ನಂಬಿಕೆಯ ಪ್ರಶ್ನೆಯೇ ಅಲ್ಲಿರಲಿಲ್ಲ. ಅಪರೂಪದ ಗೆಡ್ಡೆಯನ್ನು ಒಬ್ಬ ರೋಗಶಾಸ್ತ್ರಜ್ಞರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದೆರಡು ಸಲ ಕಂಡಿದ್ದರೆ ಅದೇ ಹೆಚ್ಚು. ಮಕ್ಕಳ ಗೆಡ್ಡೆಗಳ ಅಚ್ಚುಗಳನ್ನಾದರೂ ಆ ಮಗು ದೊಡ್ಡವರಾಗುವ ತನಕ ಜೋಪಾನ ಮಾಡುವ ನಿಯಮವನ್ನು, ತಂದೆತಾಯಿ ಕೇಳಿದಾಗ ಒಂದೇ ಅರ್ಜಿಯಲ್ಲಿ ಸ್ಲೈಡು ಸಿಗುವ ಕ್ರಮವನ್ನು ನೀವು ಮನಸ್ಸು ಮಾಡಿದರೆ ಜಾರಿಗೆ ತರಬಲ್ಲಿರಿ. ಶಸ್ತ್ರಚಿಕಿತ್ಸೆಯ ಕೊಠಡಿಯ ಪರಿಶೀಲನಾ ಪಟ್ಟಿಯಲ್ಲಿ ‘ತೆಗೆದ ತುಣುಕನ್ನು ಪರೀಕ್ಷೆಗೆ ಕಳುಹಿಸಲಾಗಿದೆಯೇ, ಇಲ್ಲದಿದ್ದರೆ ಕಾರಣವೇನು’ ಎಂಬ ಒಂದು ಸಾಲನ್ನು ಸೇರಿಸಲು ಹೊಸ ಯಂತ್ರವೂ ಬೇಡ, ಹೊಸ ಸಿಬ್ಬಂದಿಯೂ ಬೇಡ.

ಈ ಪತ್ರವನ್ನು ಓದುವ ತಂದೆತಾಯಿಯರೂ ಇರಬಹುದು. ಮಗುವಿನ ಚರ್ಮದಲ್ಲಿ ಗಂಟು ಕಂಡಾಗ ಅದನ್ನು ಹಿಸುಕಬೇಡಿ, ಚುಚ್ಚಬೇಡಿ, ದಾರ ಕಟ್ಟಬೇಡಿ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತಿಂಗಳಿಗೊಮ್ಮೆ ಫೋಟೋ ತೆಗೆದಿಡಿ. ಬೇಗ ಬೆಳೆಯುವ, ಗಟ್ಟಿಯಾಗಿ ಆಳಕ್ಕೆ ಅಂಟಿಕೊಂಡಂತಿರುವ, ಹುಣ್ಣಾಗುವ ಅಥವಾ ನೋಯುವ ಗಂಟನ್ನು ತೋರಿಸಲು ತಡಮಾಡಬೇಡಿ. ತೆಗೆಯುವುದಾದರೆ, ತೆಗೆಯುವ ಮೊದಲೇ, ಇದನ್ನು ಪರೀಕ್ಷೆಗೆ ಕಳುಹಿಸುತ್ತೀರಲ್ಲವೇ ಎಂದು ಕೇಳಿ. ನಾನು ಕೇಳಿದ್ದು ತೆಗೆದ ಮೇಲೆ. ಒಂದೇ ಒಂದು ಸಲ ಕೇಳಿ ಸುಮ್ಮನಾದೆ.

ನನ್ನ ಮಗಳಿಗೆ ಈಗ ಏಳು ವರ್ಷ. ಆರು ತಿಂಗಳಿಗೊಮ್ಮೆ ವೈದ್ಯರು ಅವಳ ಬೆರಳಿನ ಗಾಯದ ಗೆರೆಯನ್ನು ಒತ್ತಿ ನೋಡುತ್ತಾರೆ. ಈವರೆಗೆ ಏನೂ ಇಲ್ಲ. ಎರಡನೆಯ ಶಸ್ತ್ರಚಿಕಿತ್ಸೆಯ ವರದಿ, ಸ್ಲೈಡುಗಳು ಮತ್ತು ಅಂದಿನ ಅಳತೆಗಳಿರುವ ಕಡತವನ್ನು ಪ್ರತಿ ಸಲವೂ ಜೊತೆಗೆ ಒಯ್ಯುತ್ತೇವೆ. ಅದರ ಮೊದಲ ಪುಟದಲ್ಲಿ ಮೊದಲ ಶಸ್ತ್ರಚಿಕಿತ್ಸೆಯ ಎರಡು ಸಾಲಿನ ಸಾರಾಂಶವಿದೆ: ‘ಬೆರಳಿನ ಗ್ಯಾಂಗ್ಲಿಯನ್, ತೆಗೆಯಲಾಗಿದೆ.’ ಪರೀಕ್ಷೆಯ ಫಲಿತಾಂಶ ಬರೆಯಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ ಇದೆ. ಮುಂದಿನ ಮಗುವಿನ ಕಡತದಲ್ಲಿ ಆ ಜಾಗವನ್ನು ದಯವಿಟ್ಟು ತುಂಬಿ.

ಇಂತಿ ನಮಸ್ಕಾರಗಳೊಂದಿಗೆ,
ಆ ಹುಡುಗಿಯ ತಾಯಿ